ಜಿಯೋಲೈಟ್
1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರಾನ್‌ಸ್ಟೆಡ್ ಖನಿಜವೊಂದರ ಚೂರನ್ನು ಊದುಗೊಳವೆಯ ಉರಿಗೆ ಹಿಡಿದ. ಒಳಗಿದ್ದ ನೀರು ಆವಿಯಾಗಿ ಹೊರನುಗ್ಗಿ, ಕಲ್ಲು ನೊರೆಯುಕ್ಕಿ ಕುದಿದಂತೆ ಕಂಡಿತು. ಗ್ರೀಕ್ ಭಾಷೆಯಲ್ಲಿ ‘ಜಿಯೋ’ ಎಂದರೆ ಕುದಿ, ‘ಲಿಥೋಸ್’ ಎಂದರೆ ಕಲ್ಲು; ಎರಡನ್ನೂ ಕೂಡಿಸಿ ಜಿಯೋಲೈಟ್ ಎಂದು ಹೆಸರಿಟ್ಟ. ಕನ್ನಡ ಲಿಪಿಯಲ್ಲಿ ಒಂದೇ ಥರ ಕಂಡರೂ, ಜಿಯಾಲಜಿಯ ‘ಭೂಮಿ’ಗೂ ಇದಕ್ಕೂ ನಂಟಿಲ್ಲ.

ಇಂದು ಕಾರ್ಖಾನೆಯಲ್ಲಿ ಬೆಳೆಸಿದ ಹರಳುಗಳಿಗೂ ಇದೇ ಹೆಸರು. ಬಟ್ಟೆ ಒಗೆಯುವ ಪುಡಿಯಲ್ಲಿ ನೀರಿನ ಗಡಸುತನ ಕಳೆಯುವುದು, ಕಚ್ಚಾ ತೈಲದ ಅಣುಗಳನ್ನು ಒಡೆಯುವುದು ಇವೇ. ಈ ಕೆಲಸ ಹೆಚ್ಚಾಗಿ ನಡೆಯುವುದು ಹರಳಿನೊಳಗಿನ ಕಿಂಡಿಗಳಲ್ಲಿ. ಆದರೆ ಆ ಕಿಂಡಿಗಳು ಸಾಮಾನ್ಯವಾಗಿ 1 ನ್ಯಾನೋಮೀಟರಿಗಿಂತ ಕಿರಿದು. ದೊಡ್ಡ ಅಣುಗಳು ಒಳಗೆ ಹೋಗಲಾರವು. ಅದಕ್ಕೊಂದು ಸೊಗಸಾದ ಉಪಾಯವಿದೆ: ರಂಧ್ರಭರಿತ ಪಾಲಿಮರ್ ಮಣಿಯೊಳಗೆ ಹರಳು ಬೆಳೆಸಿ, ಆಮೇಲೆ ಪಾಲಿಮರನ್ನು ಸುಟ್ಟು ತೆಗೆಯುವುದು. ಅದು ಇದ್ದ ಜಾಗವೆಲ್ಲ ಅಗಲವಾದ ಹಾದಿಯಾಗುತ್ತದೆ. ಮಣಿಯ ದುಂಡು ಆಕಾರವೂ ಉಳಿಯುತ್ತದೆ.