ಗೋಧಿ ಹೊಲಕ್ಕೆ ಬಂದ ಎರಡು ಚೀಲ

ಹಿಂಗಾರಿ ಬಿತ್ತನೆ ಹತ್ತಿರ ಬಂದರೆ ಔರಾದ್‌, ಭಾಲ್ಕಿಯ ಗೊಬ್ಬರದ ಅಂಗಡಿಗಳಲ್ಲಿ ಮೊದಲು ಕೇಳುವ ಮಾತು, "ಡಿಎಪಿ ಬಂದದೇನ್ರಿ?" ಇಲ್ಲ ಅಂದರೆ ಯೂರಿಯಾ ಹೊತ್ತುಕೊಂಡು ಬರುತ್ತೇವೆ. ಎರಡೂ ಗೊಬ್ಬರವೇ ಅಲ್ಲವಾ ಅಂತ ಸಮಾಧಾನ. ಆದರೆ ಯೂರಿಯಾದಲ್ಲಿ ಇರುವ ಪೋಷಕಾಂಶ ಸಾರಜನಕ ಒಂದೇ. ಡಿಎಪಿಯಲ್ಲಿ ಹೆಚ್ಚಿನ ಪಾಲು ರಂಜಕ. ಗೋಧಿಗೆ ಇವು ಮಾಡುವ ಕೆಲಸ ಬೇರೆ, ಹೊಲದ ತನಕ ಬಂದ ದಾರಿಯೂ ಬೇರೆ. ಆ ದಾರಿಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ. ಆಗಿನ ಗೋಧಿ ಹೆಚ್ಚಾಗಿ ಎರೆ ಹೊಲದಲ್ಲಿ, ಮಳೆಗಾಲ ಬಿಟ್ಟುಹೋದ ಹಸಿಯ ಮೇಲೆಯೇ ಬೆಳೆಯುತ್ತಿತ್ತು. ಉದ್ದ ದಂಟಿನ ಜವಾರಿ ತಳಿಗಳು. ಹುಗ್ಗಿಗೆ ಜವೆ ಗೋಧಿ. ಇಳುವರಿ ಕಡಿಮೆ, ಹೊಲಕ್ಕೆ ಹಾಕುತ್ತಿದ್ದದ್ದೂ ಕಡಿಮೆ: ತಿಪ್ಪೆಗೊಬ್ಬರ, ಇಲ್ಲವೇ ರಾತ್ರಿ ಹೊಲದಲ್ಲಿ ನಿಲ್ಲಿಸಿದ ಕುರಿ ಹಿಂಡಿನ ಹಿಕ್ಕೆ. ಕಡಲೆ, ತೊಗರಿ ಬೆಳೆದ ಹೊಲಕ್ಕೆ ಇನ್ನೊಂದು ಲಾಭವಿತ್ತು. ಅವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕ ಹಿಡಿದು ಕೊಡುತ್ತವೆ. ರಂಜಕಕ್ಕೆ ಅಂಥ ದಾರಿ ಇಲ್ಲ. ಅದು ಗಾಳಿಯಲ್ಲಿ ಇಲ್ಲ. ಕಲ್ಲು, ಮಣ್ಣು, ಎಲುಬು, ಸಗಣಿ, ಇಷ್ಟರಿಂದಲೇ ಬರಬೇಕು. ಕಾಳು ಪೇಟೆಗೆ ಹೋದಂತೆಲ್ಲ ಹೊಲದ ರಂಜಕವೂ ಅದರ ಜೊತೆ ಚಕ್ಕಡಿ ಹತ್ತಿ ಹೋಗುತ್ತಿತ್ತು.

ಇವೆರಡರಲ್ಲಿ ಗೋಧಿಗೆ ಯಾವುದು ಮುಖ್ಯ ಅನ್ನುವ ಜಗಳ ಯುರೋಪಿನಲ್ಲಿ ಜೋರಾಗಿಯೇ ನಡೆದಿತ್ತು. ಸಾರಜನಕ ಗಾಳಿಯಿಂದಲೇ ಸಾಕಷ್ಟು ಸಿಗುತ್ತದೆ, ಖನಿಜ ಕೊಟ್ಟರೆ ಸಾಕು ಎಂದು ಜರ್ಮನಿಯ ವಿಜ್ಞಾನಿ ಲೀಬಿಗ್ ವಾದಿಸಿದರು. ಇಂಗ್ಲೆಂಡಿನ ಜಾನ್ ಲಾಸ್ ಒಪ್ಪಲಿಲ್ಲ. ಅವರು 1842ರಲ್ಲಿ ಸೂಪರ್ ಫಾಸ್ಫೇಟ್‌ಗೆ ಪೇಟೆಂಟ್ ಪಡೆದವರು, ಅಂದರೆ ರಂಜಕ ಮಾರುವ ವ್ಯಾಪಾರಿ. ಆದರೂ ಸಾರಜನಕದ ಪರ ನಿಂತರು, ಅದು ನಮಗೆ ಮೆಚ್ಚುಗೆ. 1843ರಲ್ಲಿ ಗಿಲ್ಬರ್ಟ್ ಜೊತೆ ಸೇರಿ ರೋಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲವನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ ಗೋಧಿ ಬಿತ್ತಿದರು. ಒಂದು ಪಟ್ಟಿಗೆ ಏನೂ ಇಲ್ಲ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಉಳಿದವಕ್ಕೆ ಬೇರೆ ಬೇರೆ ಪೋಷಕಾಂಶ. ಆ ಪ್ರಯೋಗ ಇವತ್ತಿಗೂ ನಡೆದಿದೆ. ಏನೂ ಹಾಕದ ಪಟ್ಟಿಯಲ್ಲಿ ಎಕರೆಗೆ ಸುಮಾರು 4 ಕ್ವಿಂಟಲ್. ಖನಿಜ ಮಾತ್ರ ಕೊಟ್ಟಲ್ಲಿ ಗೋಧಿ ಹೆಚ್ಚೇನೂ ಏಳಲಿಲ್ಲ. ಸಾರಜನಕ ಒಂದನ್ನೇ ಕೊಟ್ಟ ಪಟ್ಟಿಯೂ ಎಲ್ಲ ಸೇರಿಸಿ ಕೊಟ್ಟ ಪಟ್ಟಿಯ ಸಮಕ್ಕೆ ಬರಲಿಲ್ಲ. ಜಗಳದಲ್ಲಿ ಲಾಸ್ ಗೆದ್ದರು, ಹೊಲ ಮಾತ್ರ ಎರಡೂ ಬೇಕೆಂದಿತು.

ನಮ್ಮ ದೇಶದಲ್ಲಿ ಸೂಪರ್ ಫಾಸ್ಫೇಟ್ ತಯಾರಿ 1906ರಲ್ಲೇ ಮದ್ರಾಸ್ ಪ್ರಾಂತ್ಯದ ರಾಣಿಪೇಟೆಯಲ್ಲಿ ಶುರುವಾಯಿತು. ಸಾರಜನಕದ ದೊಡ್ಡ ಕಾರ್ಖಾನೆ ಸಿಂದ್ರಿಯಲ್ಲಿ ಎದ್ದದ್ದು 1951ರಲ್ಲಿ. ಆದರೆ ಹಳೇ ಉದ್ದ ಗೋಧಿಗೆ ಸಾರಜನಕ ಹೆಚ್ಚಾದರೆ ಪೈರು ಇನ್ನೂ ಎತ್ತರ ಬೆಳೆದು, ತೆನೆ ಭಾರಕ್ಕೆ ನೆಲಕ್ಕೆ ಮಲಗುತ್ತಿತ್ತು. ಗಿಡ್ಡ ತಳಿಗಳು ಬೇಕಾದದ್ದೇ ಅದಕ್ಕೆ. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿ ಬೀಜ ತರಿಸಿತು. ಆಮೇಲೆ ಕಲ್ಯಾಣ್ ಸೋನಾ, ಸೋನಾಲಿಕಾ ಬಂದವು. ನೀರಾವರಿ ಗೋಧಿಗೆ ಹೆಕ್ಟೇರಿಗೆ 120 ಕೆಜಿ ಸಾರಜನಕ, 60 ಕೆಜಿ ರಂಜಕ, 40 ಕೆಜಿ ಪೊಟ್ಯಾಷ್ ಎಂಬ ಲೆಕ್ಕ ಬಾಯಿಪಾಠವಾಯಿತು.

ಅದು ಪಂಜಾಬಿನ ಕಾಲುವೆ ನೀರಿನ ಲೆಕ್ಕ. ಔರಾದ್‌ನ ಒಣ ಎರೆ ಹೊಲಕ್ಕೆ ಕೂಡುವುದಿಲ್ಲ. ನೀರಿಲ್ಲದ ಹೊಲಕ್ಕೆ ಯೂರಿಯಾ ಹೆಚ್ಚು ಸುರಿದರೆ ಗೋಧಿ ಮೊದಲು ಕಪ್ಪು ಹಸಿರಾಗಿ ಚಂದ ಕಾಣುತ್ತದೆ, ಆದರೆ ನೆಲದ ಹಸಿಯನ್ನೆಲ್ಲ ಎಲೆ ಬೆಳೆಸುವುದಕ್ಕೇ ಮುಗಿಸಿಬಿಡುತ್ತದೆ. ಕಾಳು ತುಂಬುವ ಹೊತ್ತಿಗೆ ನೆಲ ಒಣಗಿ, ಸಿಗುವುದು ಹೊಟ್ಟು ಮತ್ತು ಸುಕ್ಕುಗಾಳು. ರಂಜಕದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅದು ಬೇರನ್ನು ಆಳಕ್ಕಿಳಿಸುತ್ತದೆ, ಹೆಚ್ಚು ಮರಿ ಒಡೆಸುತ್ತದೆ. ಒಣ ಬೇಸಾಯದ ಗೋಧಿಗೆ ಕೆಳಗಿನ ಹಸಿ ಮುಟ್ಟುವ ಬೇರೇ ಜೀವ. ಕಾರಂಜಾ ನೀರೋ ಬಾವಿಯೋ ಇರುವ ಭಾಲ್ಕಿಯ ಹೊಲಗಳ ಮಾತು ಬೇರೆ. ಅಲ್ಲಿ ಅರ್ಧ ಸಾರಜನಕ ಬಿತ್ತುವಾಗ, ಉಳಿದದ್ದು ಸುಮಾರು 21ನೇ ದಿನದ ನೀರಿನ ಜೊತೆ ಕೊಟ್ಟರೆ ಬೆಳೆ ಅದನ್ನು ತಿಂದು ತೀರಿಸುತ್ತದೆ.

ಮಣ್ಣೂ ಒಂದು ಆಟ ಆಡುತ್ತದೆ. ಎರೆ ಮಣ್ಣಿನ ಸುಣ್ಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೀದರ್ ಶಹರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಅದೇ ಕೆಲಸವನ್ನು ಕಬ್ಬಿಣ, ಅಲ್ಯೂಮಿನಿಯಂ ಮಾಡುತ್ತವೆ. ಕೋಟೆಯ ಕಂದಕ ಕಡಿದದ್ದು ಇದೇ ಕೆಂಪು ಕಲ್ಲಿನಲ್ಲಿ. ಎರಡೂ ಕಡೆ ಮೇಲೆ ಚೆಲ್ಲಿದ ರಂಜಕ ಅಲ್ಲೇ ಕೂರುತ್ತದೆ, ಬೇರಿನ ತನಕ ಇಳಿಯುವುದಿಲ್ಲ. ಅದನ್ನು ಕೂರಿಗೆಯಲ್ಲಿ ಬೀಜದ ಕೆಳಗೆ ಬೀಳಿಸಬೇಕು ಎನ್ನುವುದು ಅದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಹೊಲಗಳಲ್ಲಿ ಯೂರಿಯಾದ ಕೈ ಏಕೆ ಮೇಲಾಯಿತು? ನಮ್ಮ ಲೆಕ್ಕದಲ್ಲಿ ತಪ್ಪು ರೈತರದ್ದಕ್ಕಿಂತ ಬೆಲೆಯದು. 1992ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹಿಡಿತ ಬಿಟ್ಟಿತು. ಡಿಎಪಿ ಬೆಲೆ ಏರಿತು. ಯೂರಿಯಾ ಮಾತ್ರ ಹಿಡಿತದಲ್ಲೇ ಉಳಿಯಿತು, ಸಾಲದ್ದಕ್ಕೆ ಶೇ 10ರಷ್ಟು ಅಗ್ಗವೂ ಆಯಿತು. ದೇಶದಲ್ಲಿ 1 ಕೆಜಿ ರಂಜಕಕ್ಕೆ ಸುಮಾರು ಎರಡೂವರೆ ಕೆಜಿ ಸಾರಜನಕ ಹಾಕುತ್ತಿದ್ದದ್ದು ಒಂದೇ ವರ್ಷದಲ್ಲಿ ಮೂರರ ಹತ್ತಿರ ಹೋಯಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗಲೂ ಯೂರಿಯಾವನ್ನು ಹೊರಗಿಟ್ಟರು. ಈಚಿನ ವರ್ಷಗಳಲ್ಲಿ 45 ಕೆಜಿ ಯೂರಿಯಾಕ್ಕೆ 266 ರೂಪಾಯಿ ಚಿಲ್ಲರೆ, 50 ಕೆಜಿ ಡಿಎಪಿಗೆ 1,350. ಕೈಯಲ್ಲಿ ರೊಕ್ಕ ಕಡಿಮೆ ಇರುವವರು ಯಾವ ಚೀಲ ಎತ್ತುತ್ತಾರೆ ಅಂತ ಬೇರೆ ಹೇಳಬೇಕಿಲ್ಲ.

ಈಗ ನಮ್ಮಲ್ಲಿ ಮುಂಗಾರಿಗೆ ಸೋಯಾ, ಅದರ ಹಿಂದೆ ಕಡಲೆ, ಜೋಳ, ನೀರಿದ್ದರೆ ಗೋಧಿ. ಸೋಯಾ ರಂಜಕವನ್ನು ಚೆನ್ನಾಗಿ ತಿನ್ನುವ ಬೆಳೆ. ಹಾಗಾಗಿ ಹಿಂಗಾರಿಗೆ ಡಿಎಪಿ ಸಿಗದಿದ್ದರೆ ಯೂರಿಯಾ ಒಂದನ್ನೇ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಒಂದು ಚೀಲ ಡಿಎಪಿಯಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ ಇರುತ್ತದೆ. 3 ಚೀಲ ಸಿಂಗಲ್ ಸೂಪರ್ ಫಾಸ್ಫೇಟ್, ಜೊತೆಗೆ 20 ಕೆಜಿ ಯೂರಿಯಾ ಹಾಕಿದರೆ ಅಷ್ಟೇ ಆಗುತ್ತದೆ, ಮೇಲೆ ಗಂಧಕವೂ ಸಿಗುತ್ತದೆ. ತೊಂದರೆ ಒಂದೇ, ಒಂದು ಚೀಲದ ಜಾಗದಲ್ಲಿ ಮೂರು ಮೂಟೆ ಹೊರಬೇಕು, ಟಂಟಂ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.