ಕ್ಯಾಲೆಂಡರ್ ಹಿಂದಿನ ಫೈಲು: ಎನ್‌ಡಿಎಂ-1ರ ಕಥೆ

ಕುಮಟಾ ತಾಲೂಕಿನ ಸಂತೆಗುಳಿಯ ನಮ್ಮ ಮನೆಯಲ್ಲಿ, ಗೋಡೆ ಕ್ಯಾಲೆಂಡರ್ ಹಿಂದೆ ಒಂದು ಆಸ್ಪತ್ರೆ ಫೈಲ್ ಸಿಕ್ಕಿಸಿಟ್ಟಿದ್ದಾರೆ. ಇವತ್ತಿನ ಎಪಿಸೋಡ್ ಅಲ್ಲಿಂದಲೇ ಶುರು ಮಾಡ್ತೇನೆ.

ದೊಡ್ಡಪ್ಪ ಮಳೆಗಾಲದಲ್ಲಿ ತೋಟದ ಸಂಕದಿಂದ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇರಲಿಲ್ಲ ಅನ್ನೋದು 2019ರ ಟ್ವಿಟರ್ ಅಭಿಯಾನ ನೋಡಿದ ಎಲ್ಲರಿಗೂ ಗೊತ್ತು. ಹಾಗಾಗಿ ಆಂಬುಲೆನ್ಸ್, ಹೆದ್ದಾರಿ, ಬೇರೆ ಜಿಲ್ಲೆಯ ದೊಡ್ಡ ಆಸ್ಪತ್ರೆ. ಆಪರೇಷನ್ ಚೆನ್ನಾಗೇ ಆಯ್ತು. ಆದರೆ ಉಸಿರಾಟದ ತೊಂದರೆಯಾಗಿ ವೆಂಟಿಲೇಟರ್ ಹಾಕಿದ ಮೇಲೆ ಐಸಿಯುನಲ್ಲಿ ನ್ಯುಮೋನಿಯಾ ಬಂತು. ಕಫದ ಕಲ್ಚರ್ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ. ಕೆಳಗೆ ಔಷಧಗಳ ಪಟ್ಟಿ, ಎದುರಿಗೆ ಆರ್, ಆರ್, ಆರ್. ನಾನು ಬಿಕಾಂ ಓದಿದವ. ಕಾಲಂ ಪೂರ್ತಿ ಒಂದೇ ಅಕ್ಷರ ಇದ್ದರೆ ಎಂಟ್ರಿ ತಪ್ಪಿರಬೇಕು ಅಂತಲೇ ಅನ್ನಿಸಿತು. ಆರ್ ಅಂದ್ರೆ ರೆಸಿಸ್ಟೆಂಟ್, ಈ ಔಷಧ ನಾಟುವುದಿಲ್ಲ ಅಂತ.

ಇದು ಹೊಸ ಸಮಸ್ಯೆ ಏನಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ನೊಬೆಲ್ ಭಾಷಣದಲ್ಲೇ ಕಡಿಮೆ ಡೋಸ್ ತಗೊಂಡ್ರೆ ಸೂಕ್ಷ್ಮಾಣುಗಳು ಬಗ್ಗದೆ ನಿಲ್ಲುತ್ತವೆ ಅಂತ ಎಚ್ಚರಿಸಿದ್ದರು. ಪೆನಿಸಿಲಿನ್ ಸೋತ ಕಡೆ ಬಳಸಲು ಬಂದ ಮೆಥಿಸಿಲಿನ್ನಿಗೂ 1961ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತು. ಔಷಧ ಬಂದು ಎರಡು ವರ್ಷವೂ ಸರಿಯಾಗಿ ಆಗಿರಲಿಲ್ಲ.

ಈಗ ನಮ್ಮ ದೇಶದ ಅಧ್ಯಾಯ. ಭಾರತೀಯ ಮೂಲದ, 59 ವರ್ಷದ ಸ್ವೀಡನ್ ನಿವಾಸಿಯೊಬ್ಬರು 2007ರ ಡಿಸೆಂಬರ್‌ನಲ್ಲಿ ದೆಹಲಿಯ ಆಸ್ಪತ್ರೆಯಲ್ಲಿದ್ದರು. ಸ್ವೀಡನ್ನಿಗೆ ಮರಳಿದ ಮೇಲೆ, 2008ರ ಜನವರಿಯಲ್ಲಿ ಅವರ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಕೊನೆಯ ಅಸ್ತ್ರ ಅಂತ ಡಾಕ್ಟರ್‌ಗಳು ಕಾದಿಡುವ ಕಾರ್ಬಪೆನೆಮ್ ಔಷಧಗಳನ್ನೇ ಒಡೆದುಹಾಕುವ ಕಿಣ್ವ ಅದರಲ್ಲಿತ್ತು. 2009ರಲ್ಲಿ ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ನ್ಯೂ ಡೆಲ್ಲಿ ಮೆಟಲೋ-ಬೀಟಾ-ಲ್ಯಾಕ್ಟಮೇಸ್-1. ಎನ್‌ಡಿಎಂ-1.

ನನ್ನನ್ನು ಜಾಸ್ತಿ ಹೆದರಿಸಿದ್ದು ಬೇರೆ ವಿಷಯ. ಅದೇ ರೋಗಿಯ ಮಲದಲ್ಲಿದ್ದ ಇ. ಕೋಲೈಯಲ್ಲೂ ಅದೇ ಜೀನ್ ಇತ್ತು. ಅಂದ್ರೆ ಒಂದು ಜಾತಿಯ ಬ್ಯಾಕ್ಟೀರಿಯಾ ತನ್ನ ನೋಟ್ಸ್ ಝೆರಾಕ್ಸ್ ಮಾಡಿ ಇನ್ನೊಂದು ಜಾತಿಗೆ ಕೊಟ್ಟ ಹಾಗೆ. ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರಗಳು ಈ ಕೆಲಸ ಮಾಡ್ತವೆ.

2010ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್ ಪತ್ರಿಕೆಯಲ್ಲಿ ದೊಡ್ಡ ಅಧ್ಯಯನ ಬಂತು. ಮೊದಲ ಲೇಖಕ ಮದ್ರಾಸ್ ವಿಶ್ವವಿದ್ಯಾಲಯದ ಕಾರ್ತಿಕೇಯನ್ ಕುಮಾರಸಾಮಿ. ಎನ್‌ಡಿಎಂ-1 ಇದ್ದ ಮಾದರಿಗಳು ಚೆನ್ನೈಯಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37, ಭಾರತ-ಪಾಕಿಸ್ತಾನದ ಇತರ ಕಡೆ 73. ದೆಹಲಿಯಲ್ಲಿ ಗಲಾಟೆ ಎದ್ದಿತು, ಮೆಡಿಕಲ್ ಟೂರಿಸಂ ಕೆಡಿಸುವ ಹುನ್ನಾರ ಅಂತ. ಊರಿನ ಹೆಸರಿಟ್ಟದ್ದು ತಪ್ಪಾಯ್ತು ಅಂತ ಲ್ಯಾನ್ಸೆಟ್ ಸಂಪಾದಕ ರಿಚರ್ಡ್ ಹಾರ್ಟನ್ 2011ರ ಜನವರಿಯಲ್ಲಿ ಕ್ಷಮೆ ಕೇಳಿದರು. ಅದು ಸರಿಯೇ, ಹೆಸರು ನನಗೂ ಇಷ್ಟ ಆಗಲಿಲ್ಲ. ಆದರೆ ನಾವು ಹೆಸರಿನ ಬಗ್ಗೆ ಜಗಳ ಆಡಿದಷ್ಟು ಐಸಿಯು ಬಗ್ಗೆ ಆಡಲಿಲ್ಲ. ಕೆಲವೇ ತಿಂಗಳಲ್ಲಿ ದೆಹಲಿಯ ನೀರಿನ ಫಲಿತಾಂಶ ಬಂತು. 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ, ರಸ್ತೆ ಬದಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಈ ಜೀನ್ ಇತ್ತು.

2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ನಿಯಮ ಜಾರಿಗೆ ಬಂತು. ಕೆಲವು ಆಂಟಿಬಯೋಟಿಕ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ರಿಜಿಸ್ಟರ್‌ನಲ್ಲಿ ಬರೀಬೇಕು. ನಿಮ್ಮೂರಿನ ಮೆಡಿಕಲ್‌ನಲ್ಲಿ ಆ ರಿಜಿಸ್ಟರ್ ನೋಡಿದ್ದೀರಾ? ನಾನೇ ಜ್ವರ ಬಂದಾಗ "ಮೂರು ದಿನದ್ದು ಕೊಡಿ" ಅಂತ ಕೇಳಿ ತಂದವ, ಎರಡನೇ ದಿನಕ್ಕೆ ಬಿಟ್ಟವ.

ಅದೇ 2014ರಲ್ಲಿ ಆಸ್ಟ್ರಾಜೆನೆಕಾ ತನ್ನ ಬೆಂಗಳೂರಿನ ಸಂಶೋಧನಾ ಕೇಂದ್ರ ಮುಚ್ಚಿತು. ಅಲ್ಲಿದ್ದ ಕೆಲವು ವಿಜ್ಞಾನಿಗಳು ಸೇರಿ ಬೆಂಗಳೂರಲ್ಲೇ ಹೊಸ ಆಂಟಿಬಯೋಟಿಕ್ ಹುಡುಕಲು ಬಗ್‌ವರ್ಕ್ಸ್ ಕಟ್ಟಿದರು. ದೊಡ್ಡ ಕಂಪನಿಗಳು ಯಾಕೆ ಬಿಟ್ಟು ಹೋಗ್ತವೆ ಅನ್ನೋದು ಕಾಮರ್ಸ್ ಪ್ರಶ್ನೆ. ಬಿಪಿ ಮಾತ್ರೆ ಜೀವಮಾನವಿಡೀ ಮಾರಾಟ ಆಗ್ತದೆ, ಆಂಟಿಬಯೋಟಿಕ್ ಒಂದು ವಾರ. ಅದೂ ಹೊಸದನ್ನು ಬಳಸಬೇಡಿ, ಕೊನೆಗೆ ಇಟ್ಕೊಳ್ಳಿ ಅಂತ ಡಾಕ್ಟರ್‌ಗಳೇ ಹೇಳ್ತಾರೆ. ಅಮೆರಿಕದ ಅಕಾವೋಜೆನ್ ಕಂಪನಿಯ ಪ್ಲಾಜೋಮೈಸಿನ್‌ಗೆ 2018ರ ಜೂನ್‌ನಲ್ಲಿ ಮಂಜೂರಾತಿ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ.

ದೊಡ್ಡಪ್ಪನ ರಿಪೋರ್ಟಿನಲ್ಲಿ ಆರ್ ಇಲ್ಲದ ಒಂದೇ ಹೆಸರು ಕೊಲಿಸ್ಟಿನ್. 1949ರಲ್ಲಿ ಜಪಾನಿನಲ್ಲಿ ಕಂಡುಹಿಡಿದದ್ದು, ಕಿಡ್ನಿ ಹಾಳು ಮಾಡ್ತದೆ ಅಂತ ಆಮೇಲೆ ಹೆಚ್ಚುಕಡಿಮೆ ಮೂಲೆಗೆ ಸೇರಿಸಿದ್ದು. ಬೇರೆ ದಾರಿ ಇಲ್ಲದೆ ಈಗ ಐಸಿಯುಗೆ ವಾಪಸ್ ಬಂದಿದೆ. ನಮ್ಮಲ್ಲಿ ಅದನ್ನೇ ಕೋಳಿ ದಪ್ಪ ಆಗಲಿ ಅಂತ ಮೇವಿಗೆ ಹಾಕ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು.

2016ರಲ್ಲಿ ಅಮೆರಿಕದ ನೆವಾಡಾದಲ್ಲಿ 70 ದಾಟಿದ ಮಹಿಳೆಯೊಬ್ಬರು ತೀರಿಕೊಂಡರು. ಅವರಿಗೂ ಭಾರತದಲ್ಲೇ ತೊಡೆ ಮೂಳೆ ಮುರಿದಿತ್ತು, ಅವರದ್ದೂ ಕ್ಲೆಬ್ಸಿಯೆಲ್ಲಾ, ಎನ್‌ಡಿಎಂ ಇದ್ದದ್ದು. ಪರೀಕ್ಷಿಸಿದ 26 ಔಷಧಗಳಲ್ಲಿ ಒಂದೂ ನಾಟಲಿಲ್ಲ. ಇದನ್ನು ಓದಿದ ರಾತ್ರಿ ನಾನು ದೊಡ್ಡಮ್ಮನಿಗೆ ಹೇಳಲಿಲ್ಲ.

ದೊಡ್ಡಪ್ಪ ಬದುಕಿದರು. "ನಾ ಏನು ತಪ್ಪು ಮಾಡಿದ್ದೆ ಮಾರಾಯ, ಬಿದ್ದದ್ದು ಕಾಲಿಗಲ್ವಾ?" ಅಂತ ಕೇಳ್ತಾರೆ. ತಪ್ಪು ಅವರದ್ದಲ್ಲ, ಆ ಬ್ಯಾಕ್ಟೀರಿಯಾ ಅವರಿಗಿಂತ ಮೊದಲೇ ಆ ವಾರ್ಡಿನಲ್ಲಿ ಇದ್ದಿರಬೇಕು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋಗುವಾಗ ಫೈಲ್ ಕ್ಯಾಲೆಂಡರ್ ಹಿಂದಿನಿಂದ ಇಳೀತದೆ, ಸಂಜೆ ಮತ್ತೆ ಅಲ್ಲೇ ಸೇರ್ತದೆ.