ಅಂಚಿನಲ್ಲಿ ಉಳಿದ ಮಾಸಲು ಗೆರೆ

ಪೀಣ್ಯಕ್ಕೆ ಹೊಂದಿಕೊಂಡಿರುವ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಕಪ್ಪು-ಬಿಳುಪು ಟಿ.ವಿ.ಯ ಪಿಕ್ಚರ್ ಟ್ಯೂಬ್ ತಯಾರಿಕೆಗೆ ಕೈಹಾಕಿದ್ದು 1970ರಲ್ಲಿ. ಆ ಗಾಜಿನ ಬುರುಡೆಗಳ ಕಾಲ ಮುಗಿದಿದೆ. ಅವುಗಳ ಒಂದು ಗುಣ ಮಾತ್ರ ಇಂದಿನ ಮೊಬೈಲ್ ಪರದೆಯವರೆಗೂ ಹಿಂಬಾಲಿಸಿ ಬಂದಿದೆ. ಅದರ ಹೆಸರು ಗಾಮಾ.

ಟ್ಯೂಬಿಗೆ ಕೊಡುವ ವಿದ್ಯುತ್ ಸಂಕೇತವನ್ನು ಅರ್ಧಕ್ಕೆ ಇಳಿಸಿದರೆ ಬೆಳಕೂ ಅರ್ಧಕ್ಕೆ ಇಳಿಯಬೇಕಲ್ಲವೇ? ಹಾಗಾಗುವುದಿಲ್ಲ, ಸುಮಾರು ಐದನೇ ಒಂದು ಭಾಗಕ್ಕೆ ಕುಸಿಯುತ್ತದೆ. ಇದು ಯಾವುದೇ ಕಾರ್ಖಾನೆಯ ದೋಷವಲ್ಲ, ಟ್ಯೂಬಿನೊಳಗಿನ ಎಲೆಕ್ಟ್ರಾನ್ ಗನ್ನಿನ ಸ್ವಭಾವ. ಪ್ರತಿ ಮನೆಯ ಸೆಟ್ಟಿನಲ್ಲೂ ಇದನ್ನು ತಿದ್ದುವುದಕ್ಕಿಂತ, ಸಂಕೇತವನ್ನು ಮುಂಚಿತವಾಗಿಯೇ ಎದುರು ದಿಕ್ಕಿಗೆ ಬಗ್ಗಿಸಿ ಕಳಿಸುವುದು ಅಗ್ಗ. ಹಾಗೇ ಮಾಡಿದರು. ನಮ್ಮ ಕಣ್ಣು ಮಬ್ಬು ಛಾಯೆಗಳ ನಡುವಿನ ಸಣ್ಣ ವ್ಯತ್ಯಾಸವನ್ನೂ ಗುರುತಿಸುವುದರಿಂದ ಈ ಏರ್ಪಾಟು ಇನ್ನೊಂದು ರೀತಿಯಲ್ಲೂ ಲಾಭಕರವಾಯಿತು. ಕಂಪ್ಯೂಟರುಗಳೂ ಅದನ್ನೇ ಮುಂದುವರಿಸಿದವು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟ ಎಸ್‌ಆರ್‌ಜಿಬಿ ನಿಯಮ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ತೊಡಕು ಹುಟ್ಟುವುದು ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವಾಗ. 1977ರ ‘ಬಬ್ರುವಾಹನ’ದಲ್ಲಿ ಡಾ. ರಾಜಕುಮಾರ್ ಅರ್ಜುನನೂ ಹೌದು, ಮಗ ಬಬ್ರುವಾಹನನೂ ಹೌದು. ಇಂಥ ದ್ವಿಪಾತ್ರಕ್ಕೆ ಫಿಲ್ಮ್ ಕಾಲದ ಸಾಮಾನ್ಯ ಉಪಾಯವೆಂದರೆ ಲೆನ್ಸಿಗೆ ಅರ್ಧ ಮರೆ ಕಟ್ಟಿ, ಅದೇ ರೀಲನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ಎರಡನೇ ಬಾರಿ ಚಿತ್ರೀಕರಿಸುವುದು. ಎರಡು ಸಲ ಬಿದ್ದ ಬೆಳಕು ಫಿಲ್ಮಿನ ಮೇಲೆ ತಾನಾಗಿ ಕೂಡಿಕೊಳ್ಳುತ್ತಿತ್ತು. ಕ್ಯಾಮೆರಾಮನ್ನರಿಗೆ ನೂರೆಂಟು ಕಷ್ಟಗಳಿದ್ದವು. ಬೆಳಕು ಕೂಡುವ ಲೆಕ್ಕ ಮಾತ್ರ ಪ್ರಕೃತಿಯ ಪಾಲಿಗಿತ್ತು.

ಕಂಪ್ಯೂಟರಿನಲ್ಲಿ ಕೂಡುವುದು ಬೆಳಕಲ್ಲ, ಅಂಕಿಗಳು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಪ್ರತಿ ಚುಕ್ಕೆಯ ಬಣ್ಣದ ಜೊತೆಗೆ ‘ಆಲ್ಫಾ’ ಎಂಬ ಇನ್ನೊಂದು ಅಂಕಿ ಸೇರಿಸಿದರು. ಚುಕ್ಕೆ ಎಷ್ಟು ಪಾರದರ್ಶಕ ಎಂಬುದನ್ನು ಅದು ಹೇಳುತ್ತದೆ. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬೆರೆಸುವ ಸೂತ್ರಗಳನ್ನು ಕೊಟ್ಟರು. ಸೂತ್ರ ಸರಿಯೇ. ಆದರೆ ಅದಕ್ಕೆ ಬೇಕಿರುವುದು ಬೆಳಕಿನ ನಿಜ ಪ್ರಮಾಣ. ಗಾಮಾದಿಂದ ಬಗ್ಗಿದ ಅಂಕಿಯನ್ನೇ ಉಣಿಸಿದರೆ ಏನಾಗುತ್ತದೆ ನೋಡಿ. ಕಪ್ಪು ಎಂದರೆ 0, ಬಿಳಿ ಎಂದರೆ 255. ಕಪ್ಪು ಹಿನ್ನೆಲೆಯ ಮೇಲೆ ಅರ್ಧ ಪಾರದರ್ಶಕವಾದ ಬಿಳಿ ಹೊಗೆ ಹರಡಿದರೆ ಸರಾಸರಿ 128. ಪರದೆಯ ಮೇಲೆ ಅದು ಬಿಳಿಯ ಸುಮಾರು ಶೇ 22ರಷ್ಟು ಬೆಳಕು ಮಾತ್ರ. ನಿಜವಾಗಿ ಅರ್ಧ ಬೆಳಕು ಬೇಕಾದರೆ ಅಂಕಿ 188 ಆಗಬೇಕು. ಕೆಂಪು ಸೀರೆಯ ಅಂಚು ಹಸಿರು ಗದ್ದೆಯನ್ನು ಮುಟ್ಟುವಲ್ಲಿ ಮಾಸಲು ಗೆರೆ ಮೂಡುವುದು ಇದರಿಂದಲೇ. ಮೊದಲು ಗಾಮಾ ಬಿಚ್ಚಬೇಕು, ಬೆರೆಸಬೇಕು, ಮತ್ತೆ ಕಟ್ಟಬೇಕು. ಬಗ್ಗಿದ ಅಂಕಿಯನ್ನು ಆಲ್ಫಾದಿಂದ ಗುಣಿಸಿಟ್ಟಿದ್ದರಂತೂ, ಅದನ್ನು ಭಾಗಿಸಿದ ಮೇಲೆಯೇ ಬಿಚ್ಚಬೇಕು.

ಸಿನಿಮಾದವರು ಇದನ್ನು ಗಂಭೀರವಾಗಿ ತೆಗೆದುಕೊಂಡರು. ನೇರ ಬೆಳಕಿನ ಪ್ರಮಾಣವನ್ನು ತುಂಬಿಡುವ ಓಪನ್‌ಇಎಕ್ಸ್‌ಆರ್ ಕಡತವನ್ನು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 2003ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಆಸ್ಕರ್ ಗೆದ್ದ 2016ರ ‘ದಿ ಜಂಗಲ್ ಬುಕ್’ನ ದೃಶ್ಯಪರಿಣಾಮದಲ್ಲಿ ಎಂಪಿಸಿ ಸಂಸ್ಥೆಯ ಬೆಂಗಳೂರು ಕಲಾವಿದರ ಪಾಲೂ ಇತ್ತು. ಹುಲಿಯ ಕೂದಲಿನ ಅಂಚನ್ನು ಹಿನ್ನೆಲೆಯೊಂದಿಗೆ ಸುಳಿವಿಲ್ಲದಂತೆ ಬೆಸೆಯುವುದು ಇಂಥ ಸ್ಟುಡಿಯೋಗಳ ನಿತ್ಯದ ದುಡಿಮೆ. 2025ರ ಫೆಬ್ರುವರಿಯಲ್ಲಿ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಸ್ಟುಡಿಯೋವೂ ಬಾಗಿಲು ಹಾಕಿತು. ಇಂಥ ಕಣ್ಣು ಪಳಗಿಸಿಕೊಂಡವರು ಕೆಲಸ ಕಳೆದುಕೊಂಡರು.

ಅಂತರಜಾಲದ ಬ್ರೌಸರುಗಳು ಮಾತ್ರ ಇಂದಿಗೂ ಸಾಮಾನ್ಯವಾಗಿ ಬಗ್ಗಿದ ಅಂಕಿಗಳನ್ನೇ ಬೆರೆಸುತ್ತವೆ. ತಿದ್ದಬಹುದು, ಆದರೆ ಆ ತಪ್ಪು ಲೆಕ್ಕಕ್ಕೇ ಹೊಂದಿಸಿ ರೂಪಿಸಿದ ಅಸಂಖ್ಯ ಪುಟಗಳ ನೆರಳುಗಳೆಲ್ಲ ಒಮ್ಮೆಲೇ ಬಣ್ಣ ಬದಲಿಸುತ್ತವೆ.